ಪಾಡ್ಯದ ಸೂಟಿ

2025ರ ಜನವರಿ 27, ಸೋಮವಾರ. ಬೆಳಿಗ್ಗೆ 11 ಗಂಟೆ 10 ನಿಮಿಷಕ್ಕೆ ವಿಜಯ ಪರಡ್ಡಿ ಜಮಖಂಡಿ ಠಾಣೆಯ ಮೆಟ್ಟಿಲು ಹತ್ತಿದ. ಕೈಯಲ್ಲಿ ನಾಲ್ಕು ಪುಟದ ದೂರು, ಕಂಪನಿಯ ವಕೀಲರ ಪತ್ರ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಂದು ಪೆನ್‌ಡ್ರೈವ್. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಾಲ್ಕೂ ತಾಲೂಕಿಗೆ ಅವನು ‘ನಕ್ಷಿಪ್ಲಸ್’ ಎಂಬ ಸಾಫ್ಟ್‌ವೇರಿನ ಡೀಲರ್. ಸೀರೆಯ ದಡಿ, ಸೆರಗಿನ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬರೆದು ಮಗ್ಗದ ನೆತ್ತಿಯ ಮೇಲಿನ ಜಕಾರ್ಡ್ ಡಬ್ಬಿಗೆ ಕಳಿಸುವ ಸಾಫ್ಟ್‌ವೇರ್ ಅದು. ಮಗ್ಗ ನಡೆಯುವಷ್ಟು ಹೊತ್ತೂ ಅದು ತೆರೆದೇ ಇರಬೇಕು. ಹೆಬ್ಬೆರಳಿನಷ್ಟು ಉದ್ದದ, ಡೋಂಗಲ್ ಎಂಬ ಕೀಲಿಯೊಂದನ್ನು ಕಂಪ್ಯೂಟರಿಗೆ ಚುಚ್ಚದಿದ್ದರೆ ತೆರೆಯುವುದಿಲ್ಲ. ಆದರೆ ಈಗ ಯಾರೋ ಆ ಬೀಗ ಮುರಿದು, ಕೀಲಿ ಇಲ್ಲದೆ ನಡೆಯುವ ಕಾಪಿ ಹಂಚುತ್ತಿದ್ದಾರೆ ಎಂಬುದು ದೂರಿನ ಸಾರಾಂಶ.

ಇನ್‌ಸ್ಪೆಕ್ಟರ್ ಚಿದಾನಂದ ಗಲಗಲಿ ದೂರನ್ನು ಎರಡು ಸಲ ಓದಿದರು. ಬಾಡಗಂಡಿ ಕಡೆಯ ಕಬ್ಬಿನ ಮನೆತನದವರು, ಮಗ್ಗದ ಗಂಧಗಾಳಿ ಇಲ್ಲದವರು.

“ಏನೈತಿ ಇದರ ರೇಟು?”

“ಒಂದ ಕೀಲಿಗೆ ಎರಡು ಲಕ್ಷ ಎಂಬತ್ತೈದು ಸಾವಿರರಿ. ವರ್ಷಾ ರಿನ್ಯೂವಲ್ ಅರವತ್ತೆರಡು.”

“ರಿನ್ಯೂವಲ್ ಮಾಡಲಿಲ್ಲಂದ್ರ?”

“ಬಂದ್ ಆಕ್ಕೈತ್ರಿ.”

“ಅಂವಾ ಬರದಿಟ್ಟ ಡಿಸೈನು?”

“ಅವೂ ತೆರಿಯೂದಿಲ್ರಿ. ನಮ್ಮ ಸಾಫ್ಟ್‌ವೇರಿನಾಗ ಬರದದ್ದಲ್ರೀ ಅವು?”

ದೂರು ದಾಖಲಿಸುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಮಾದೇವಿ ತಲೆ ಎತ್ತದೆಯೇ ಅಂದಳು: “ಪೆನ್ ಮಾರಿದಾಂವ ಪತ್ರಾ ಇಟ್ಕೊಂಡಂಗಾತು.”

“ದೊಡ್ಡ ಗಿರಣಿಗೂ ಇದ ರೇಟೇನು?” ಚಿದಾನಂದ ಕೇಳಿದರು.

“ಐವತ್ತು ಕೀಲಿ ಒಮ್ಮೆಲೆ ಒಯ್ದ್ರ ಒಂದಕ್ಕ ಎಪ್ಪತ್ತು ಸಾವಿರರಿ. ಧಂದೆ ಹಂಗ ಇರತೈತಿ.”

“ಅಂದ್ರ ಎರಡು ಮಗ್ಗದಾಂವ ನಾಕ ಪಟ್ಟು ಕೊಡಬೇಕು, ಇನ್ನೂರು ಮಗ್ಗದಾಂವಗ ರಿಯಾಯ್ತಿ.”

ವಿಜಯನ ಮುಖ ಕೆಂಪಾಯಿತು. “ಸಾಹೇಬ್ರ, ನಲವತ್ತು ಮಂದಿ ಆರು ವರ್ಷ ಕೂತು ಬರದಾರ ಇದನ್ನ. ಅವರಿಗೂ ಹೊಟ್ಟಿ ಅದಾವು. ನಾ ಹೊಲ ಅಡಾ ಇಟ್ಟು ಡೀಲರ್‌ಶಿಪ್ ತಗೊಂಡೇನಿ. ಹತ್ತ ತಿಂಗಳಾತು, ಒಂದ ಕೀಲಿ ಹೋಗಿಲ್ಲ. ಮಾಡಿದಾಂವನ್ನ ಹಿಡೀರಿ. ಮುಖ್ಯ ಅಂದ್ರ, ಬಳಸೋರ ಪೂರ್ತಿ ಪಟ್ಟಿ ಬೇಕ್ರಿ. ಬಳಸೂದೂ ಗುನ್ನೇನ. ಅವರ ಕಂಪ್ಯೂಟರು, ಜಕಾರ್ಡ್ ಡಬ್ಬಿ ಎಲ್ಲಾ ಜಪ್ತಿ ಆಗಬೇಕು.”

ಮಾದೇವಿಯ ಬೆರಳುಗಳು ಕೀಲಿಮಣೆಯ ಮೇಲೆ ಒಂದು ಕ್ಷಣ ನಿಂತವು. ಅವಳ ತವರು ರಬಕವಿ. ಮದುವೆ ಹಂಗಾಮಿನಲ್ಲಿ ಡಬ್ಬಿ ಜಪ್ತಿಯಾದರೆ ಮನೆಯ ಒಲೆಯೇ ಜಪ್ತಿಯಾದಂತೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಗುನ್ನೆ ನಂಬರ್ 14/2025. ಕೃತಿಸ್ವಾಮ್ಯ ಕಾಯ್ದೆಯ ಕಲಂ 63, 63ಬಿ, 65ಎ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66. ಮಧ್ಯಾಹ್ನ 12 ಗಂಟೆ 35ಕ್ಕೆ ಎಫ್‌ಐಆರ್ ಆಯಿತು. ಹತ್ತಿರ ಹತ್ತಿರ ಮೂರು ಲಕ್ಷದ ಬೆಲೆ ಕಟ್ಟುವುದು ಯಾವ ಕಲಮಿಗೂ ಬರುವುದಿಲ್ಲ. ಕಟ್ಟಲಾಗದವನು ಮಾತ್ರ ನಾಲ್ಕು ಕಲಮಿಗೆ ಬರುತ್ತಾನೆ.

ವಿಜಯನ ಪೆನ್‌ಡ್ರೈವ್ ಬಂದದ್ದು ಮುಧೋಳ ಬಸ್‌ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ರಿಪೇರಿ ಅಂಗಡಿಯಿಂದ. ಮಂಗಳವಾರ ಬೆಳಿಗ್ಗೆ 10 ಗಂಟೆ 40ಕ್ಕೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾಟಿ ಜೀಪು ಅಲ್ಲಿ ನಿಂತಿತು. ಅಂಗಡಿಯ ಅಮೋಲ ಜಾಧವ ಮದರ್‌ಬೋರ್ಡಿನ ಧೂಳು ಊದುತ್ತಿದ್ದವನು ಖಾಕಿ ಕಂಡು ಊದುವುದನ್ನೇ ಮರೆತ.

“ನಕ್ಷಿಪ್ಲಸ್ ಮಾರತಿಯೇನು?”

“ಇಲ್ರಿ ಸಾಹೇಬ್ರ. ಪೆನ್‌ಡ್ರೈವ್ ಮಾರತೇನಿ. ಇನ್ನೂರ ರೂಪಾಯಿ. ಒಳಗಿಂದು ಪುಕ್ಕಟ.”

“ಪುಕ್ಕಟ ಯಾಕ?”

“ಅದಕ್ಕ ರೊಕ್ಕಾ ತಗೊಂಡ್ರ ಮುಂದ ಯಾರೂ ನನ್ನ ಅಂಗಡಿ ಮೆಟ್ಟಲಾ ಹತ್ತೂದಿಲ್ಲ ಅಂತ ಕೊಟ್ಟಾಂವ ಹೇಳ್ಯಾನ್ರಿ.”

“ಕೊಟ್ಟಾಂವ ಯಾರು?”

“ರಬಕವಿ ಕಡಿಯಾಂವ್ರಿ. ಹೆಸರ ಕೇಳಿಲ್ಲ.”

“ಹೆಸರು ಕೇಳದ ಅಂವಗ ಅಂಜತಿ?”

“ನಿಮ್ಮ ಹೆಸರೂ ಕೇಳಿಲ್ರಿ ಸಾಹೇಬ್ರ. ಅಂಜಾಕತ್ತಿಲ್ಲೇನು?”

ಮಾದೇವಿ ನಗು ತಡೆಯಲು ಬಾಗಿಲ ಕಡೆ ತಿರುಗಿದಳು. ಪಕ್ಕದ ಚಹಾದಂಗಡಿಯವನು ಮತ್ತು ಒಬ್ಬ ಟೇಲರ್ ಪಂಚರಾದರು. ಮೊಬೈಲಿನಲ್ಲಿ ವಿಡಿಯೋ ಚಿತ್ರೀಕರಣದೊಂದಿಗೆ ಪಂಚನಾಮೆ ನಡೆಯಿತು. ಒಂದು ಸಿಪಿಯು, ಹನ್ನೊಂದು ಪೆನ್‌ಡ್ರೈವ್ ಜಪ್ತಿ. ಅಮೋಲನನ್ನು ಬಂಧಿಸಲಿಲ್ಲ. 30ನೇ ತಾರೀಖು ಬೆಳಿಗ್ಗೆ ಠಾಣೆಯಲ್ಲಿ ಕಂಪನಿಯ ಎಂಜಿನಿಯರ್ ಎದುರಿಗೆ ಈ ಕಾಪಿ ನಡೆಸಿ ನೋಡುವುದಾಗಿ, ಆಗ ಹಾಜರಿರಬೇಕೆಂದು ನೋಟಿಸು ಕೊಟ್ಟರು. ನೋಟಿಸು ಕೊಟ್ಟದ್ದು ನಿಯಮ. ಆ ತಾರೀಖು ಓದಿ ಅಮೋಲ ಯಾರಿಗೆ ಫೋನು ಮಾಡುತ್ತಾನೆ ಎಂದು ಯಾರೂ ಯೋಚಿಸಲಿಲ್ಲ.

ಗುರುವಾರ, ಜನವರಿ 30. ಬೆಳಿಗ್ಗೆ 10 ಗಂಟೆ 30. ಠಾಣೆಯ ಮೇಜಿನ ಮೇಲೆ ಜಪ್ತಿಯಾದ ಸಿಪಿಯು. ಎಂಜಿನಿಯರ್ ಕಾಪಿ ತೆರೆದ. ಪರದೆ ಕಪ್ಪಾಯಿತು. ನಡುವೆ ಒಂದೇ ಸಾಲು ಮೂಡಿತು:

ಇವತ್ತ ಸೂಟಿ. ನಾಳೆ ಬರ್ರಿ.

“ಬಗ್ ಇರಬೇಕು,” ಎಂದ ಎಂಜಿನಿಯರ್. ಆರು ಸಲ ತೆರೆದ. ಆರು ಸಲವೂ ಸೂಟಿ.

“ತಾರೀಖು ಬದಲಿ ಮಾಡ್ರಿ,” ಎಂದರು ಚಿದಾನಂದ.

ಹಿಂದಿನ ದಿನದ ತಾರೀಖು ಹಾಕಿದರೆ ಸಾಫ್ಟ್‌ವೇರ್ ಸಲೀಸಾಗಿ ತೆರೆಯಿತು. ಮರುದಿನದ್ದು ಹಾಕಿದರೂ ತೆರೆಯಿತು. ಚಿದಾನಂದ ಹಿಂದಿನ ವರ್ಷದ ಕೊನೆಯ ಮೂರು ತಿಂಗಳ ಒಂದೊಂದೇ ದಿನ ಹಾಕಿಸಿದರು. ತಿಂಗಳಿಗೆ ಒಂದು ದಿನ ಮುಚ್ಚುತ್ತಿತ್ತು. ಮಾದೇವಿ ಆ ದಿನಗಳನ್ನು ಬರೆದುಕೊಂಡು ಹಳೆಯ ಕ್ಯಾಲೆಂಡರ್ ತರಿಸಿ ಪಕ್ಕದಲ್ಲಿಟ್ಟಳು.

“ಎಲ್ಲಾ ಅಮಾಸಿ ಮರುದಿನ ಅದಾವ್ರಿ ಸರ್. ಪಾಡ್ಯ.”

“ಅಮಾಸಿಗೆ ಮಗ್ಗ ಬಂದ್ ಇರತಾವು ಅನ್ನೂದು ನನಗೂ ಗೊತ್ತೈತಿ. ಪಾಡ್ಯಕ್ಕ ಯಾರದು ಸೂಟಿ?”

“ಕೆಚ್ಚೋರದ್ರಿ,” ಅಂದಳು ಮಾದೇವಿ. “ಮಗ್ಗದ ಮ್ಯಾಲಿನ ಹಾಸು ಮುಗದ ಮ್ಯಾಲ ಹೊಸಾ ಹಾಸಿನ ಎಳಿ ಹಳೇದಕ್ಕ ಕೂಡಿಸಬೇಕಲ್ರಿ? ಒಂದೊಂದ ಎಳಿ ಬೆರಳಾಗ ಬೂದಿ ಹಚ್ಚಿ ಹೊಸಿಬೇಕು. ನಾಕ ಸಾವಿರ ಎಳಿ. ಅದಕ್ಕ ಕೆಚ್ಚೂದು ಅಂತಾರ. ಮಗ್ಗ ನಿಂತಾಗ ಅವರ ಕೆಲಸ. ಅದಕ್ಕ ಅಮಾಸಿ ದಿನಾ ಊರಿಗೆಲ್ಲಾ ಸೂಟಿ, ಅವರಿಗೆ ಮಾತ್ರ ದುಡಿತ. ಅವರ ಸೂಟಿ ಮರುದಿನ. ಇದನ್ನ ಮಾಡಿದಾಂವ ನೇಕಾರ ಅಲ್ರಿ. ಕೆಚ್ಚೋರ ಮನಿಯಾಂವ.”

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಯಾರ ಮನೆಯ ಬಾಗಿಲು ತೋರಿಸಿದೆ ಎಂಬುದು ತಿಳಿಯಿತು. ತುಟಿ ಕಚ್ಚಿಕೊಂಡಳು. ಮಾತು ಹೊರಬಿದ್ದಾಗಿತ್ತು.

ವಿಜಯ ಕುರ್ಚಿಯಿಂದ ಜಿಗಿದೆದ್ದ. “ಸಾಹೇಬ್ರ! ಇವತ್ತ ಪಾಡ್ಯ! ಕಳ್ಳ ಕಾಪಿ ಇದ್ದ ಮನ್ಯಾಗ ಇವತ್ತ ಮಗ್ಗ ನಡ್ಯೂದಿಲ್ಲ. ಓಣ್ಯಾಗ ಅಡ್ಡಾಡಿ ಯಾವ ಮನಿ ಸುಮ್ಮನೈತಿ ಅಂತ ಬರ್ಕೊಂಡ್ರಾತು. ಪಟ್ಟಿ ತಯಾರ!”

ಮೂಲೆಯಲ್ಲಿ ಕೂತಿದ್ದ ಅಮೋಲ ತನ್ನ ಚಪ್ಪಲಿ ನೋಡಿಕೊಂಡ.

ಮಧ್ಯಾಹ್ನ 12 ಗಂಟೆ 50ಕ್ಕೆ ಜೀಪು ರಬಕವಿ ಹೊಕ್ಕಿತು. ವಿಜಯನ ತೊಡೆಯ ಮೇಲೆ ಗೆರೆ ಎಳೆದು ತಯಾರಿಟ್ಟ ನೋಟ್‌ಬುಕ್. ಈ ಊರಿನಲ್ಲಿ ಹಗಲು ಹೊತ್ತು ಎದುರಿಗೆ ನಿಂತವನ ಜೊತೆಯೂ ಕೂಗಿ ಮಾತಾಡಬೇಕು. ಮಗ್ಗದ ಸಪ್ಪಳ ಗೋಡೆಯಲ್ಲಿ, ನೆಲದಲ್ಲಿ, ಕುಡಿಯುವ ನೀರಿನ ತಂಬಿಗೆಯಲ್ಲೂ ನಡುಗುತ್ತಿರುತ್ತದೆ. ಚಾಲಕ ಇಂಜಿನ್ ಬಂದ್ ಮಾಡಿದ. ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಓಣಿಯ ಆ ತುದಿಯಿಂದ ಸ್ಪಷ್ಟವಾಗಿ ಕೇಳಿಸಿತು.

ಮೊದಲನೇ ಮನೆ ಸುಮ್ಮನಿತ್ತು. ವಿಜಯ ಬರೆದುಕೊಂಡ. ಎರಡನೆಯದೂ ಸುಮ್ಮನಿತ್ತು. ಬರೆದುಕೊಂಡ. ಹತ್ತು ಮನೆ ಬರೆಯುವವರೆಗೆ ಅವನು ಖುಷಿಯಲ್ಲೇ ಇದ್ದ. ಹನ್ನೊಂದನೆಯದು ಯಂಕವ್ವನ ಮನೆ. ಅವಳದು ಕಾಲಿನಿಂದ ತುಳಿಯುವ ಕುಣಿಮಗ್ಗ, ಅದಕ್ಕೆ ಕಂಪ್ಯೂಟರೂ ಇಲ್ಲ, ಕರೆಂಟೂ ಇಲ್ಲ. ಮುದುಕಿ ಕಟ್ಟೆಯ ಮೇಲೆ ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

“ಯಾಕಬೇ ಯಮ್ಮಾ, ನಿನ್ನ ಮಗ್ಗಕ್ಕ ಏನಾಗೈತಿ?” ಕೇಳಿದಳು ಮಾದೇವಿ.

“ಸೂಟಿ.”

“ನಿನಗ್ಯಾರ ಕೊಟ್ರು ಸೂಟಿ?”

“ನೀ ಪೊಲೀಸ್ ಆದಿ ಅಂತ ನಿನ್ನ ಕೇಳಿ ತಗೋಬೇಕೇನ ಸೂಟಿ? ಹೋಗಬೇ ಸಾಕು.”

ಹನ್ನೆರಡನೆಯದು ಶಿದ್ರಾಮಪ್ಪನ ಕಾರ್ಖಾನೆ. ನಲವತ್ತು ಮಗ್ಗ. ಓಣಿಯಲ್ಲೇ ದೊಡ್ಡ ಕುಳ. ಅಲ್ಲಿದ್ದ ಆರು ಅಸಲಿ ಕೀಲಿಗಳನ್ನು ವಿಜಯನೇ ಮಾರಿದ್ದ. ಆ ನಲವತ್ತು ಮಗ್ಗವೂ ನಿಂತಿದ್ದವು. ವಿಜಯನ ಪೆನ್ನು ಗಾಳಿಯಲ್ಲೇ ನಿಂತಿತು.

“ಕಾಕಾರ, ನಿಮ್ಮಲ್ಲಿ ಅಸಲಿ ಕೀಲಿ ಅದಾವಲ್ರಿ! ನೀವ್ಯಾಕ ಬಂದ್ ಮಾಡೀರಿ?”

ಶಿದ್ರಾಮಪ್ಪ ಧೋತರದ ಚುಂಗಿನಿಂದ ಕತ್ತು ಒರೆಸಿಕೊಂಡ. “ನಿನ್ನೆ ಸಂಜೀಕ ಕೆಚ್ಚೋ ಹೆಣ್ಮಕ್ಕಳು ಬಂದಿದ್ರು. ‘ನಾಳೆ ಯಾರ ಮನ್ಯಾಗ ಮಗ್ಗದ ಸಪ್ಪಳ ಕೇಳತೈತಿ, ಇನ್ನ ಮುಂದ ಅವರ ಮನಿಗೆ ಕೆಚ್ಚಾಕ ಬರೂದಿಲ್ಲ’ ಅಂತ ಹೇಳಿ ಹೋದ್ರು. ನಲವತ್ತು ಮಗ್ಗ ಐತಿ ತಮ್ಮಾ ನಂದು. ನಾಕ ನಾಕ ಸಾವಿರ ಎಳಿ ನೀ ಬಂದು ಹೊಸಿತಿಯೇನು? ನಿನ್ನ ಕಂಪನಿಯಾಂವ ಹೊಸಿತಾನೇನು?”

ನಗು ಒಂದು ಮನೆಯ ಕಿಟಕಿಯಿಂದ ಇನ್ನೊಂದು ಮನೆಯ ಕಿಟಕಿಗೆ ಹಾರಿತು. ಚಿದಾನಂದ ನಗಲಿಲ್ಲ. ಇಡೀ ಓಣಿ ಮುಗಿಸಿ, ಮುಂದಿನ ಎರಡು ಓಣಿಗಳನ್ನೂ ನಡೆದು ಮುಗಿಸಿ, ಮಧ್ಯಾಹ್ನ 2 ಗಂಟೆ 25ಕ್ಕೆ ತಾವೇ ಪಂಚನಾಮೆ ಬರೆದರು: ಪರಿಶೀಲಿಸಿದ ಮನೆಗಳು 96. ಮಗ್ಗ ನಡೆಯುತ್ತಿದ್ದ ಮನೆಗಳು, ಒಂದೂ ಇಲ್ಲ.

“ಪಟ್ಟಿ ಹರೀರಿ,” ಎಂದರು ವಿಜಯನಿಗೆ. “ಊರಿಗೆ ಊರ ಆರೋಪಿ ಮಾಡಾಕ ನನ್ನ ಕಡೆ ಅಷ್ಟು ಹಾಳಿ ಇಲ್ಲ.”

ಉಳಿದದ್ದು ಒಂದೇ ದಾರಿ. ಕೆಚ್ಚುವವರ ಮನೆಗಳು ಹತ್ತೊಂಬತ್ತು. ಅದರಲ್ಲಿ ಜಕಾರ್ಡ್ ಡಬ್ಬಿ ರಿಪೇರಿ ಮಾಡುವ ಕೈ ಒಂದೇ. ಶಿವವ್ವನ ಮಗ ಯಲ್ಲಾಲಿಂಗ ಕೆಂಗನಾಳ, ವಯಸ್ಸು 26, ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟವನು. ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ತಗಡಿನ ಬಾಗಿಲ ಮುಂದೆ ಅವನೇ ಕೂತಿದ್ದ. ಪಕ್ಕದಲ್ಲಿ ಲ್ಯಾಪ್‌ಟಾಪ್ ಇತ್ತು.

“ಬರ್ರಿ ಸಾಹೇಬ್ರ,” ಎಂದಳು ಒಳಗಿನಿಂದ ಶಿವವ್ವ. “ಛಲೋ ದಿನಾ ಬಂದೀರಿ. ಇವತ್ತ ನನ್ನ ಕೈ ಖಾಲಿ ಅದಾವು, ಚಹಾ ಮಾಡತೇನಿ.”

ಚಿದಾನಂದ ನಿಂತೇ ಕೇಳಿದರು. “ಬೀಗ ಮುರದದ್ದು ನೀನೇನು?”

“ಹೌದ್ರಿ.”

“ಒಬ್ಬನ?”

“ಒಬ್ಬನ.”

“ಎಷ್ಟು ಮನಿಗೆ ಕೊಟ್ಟಿ?”

“ಅದನ್ನ ಹೇಳೂದಿಲ್ರಿ.”

“ಎಷ್ಟು ರೊಕ್ಕಾ ತಗೊಂಡಿ?”

“ಒಂದ ಪೈಸಾ ತೋರಸ್ರಿ, ಇಲ್ಲೇ ಕೈ ಕಡಕೋತೇನಿ.”

“ಪುಕ್ಕಟ ಕೊಟ್ರೂ ಕಳುವು ಕಳುವ. ಗೊತ್ತೈತಿಲ್ಲೋ?”

ಯಲ್ಲಾಲಿಂಗ ಎದ್ದು ನಿಂತ. “ನೀವು ಕಬ್ಬಿನ ಸೀಮ್ಯಾವರು ಅಂತ ಕೇಳೇನ್ರಿ. ನಿಮ್ಮ ಹೊಲದಾನ ಕಬ್ಬಿನ ಬೀಜ ಬಾಜೂ ಹೊಲದಾಂವಗ ಕೊಟ್ರ ಕಳುವು ಅಂತಾರೇನ್ರಿ?”

“ಬೀಜ ನಾ ಬೆಳದದ್ದು.”

“ದಡಿ, ಸೆರಗು ನಾವು ನೇಯ್ದದ್ದು! ನಮ್ಮ ಅಜ್ಜಿ ಮುತ್ತಜ್ಜಿ ಸೀರಿ ತಗೊಂಡು ಹೋಗಿ, ಸ್ಕ್ಯಾನ್ ಮಾಡಿ, ‘ಡಿಸೈನ್ ಲೈಬ್ರರಿ’ ಅಂತ ಹೆಸರಿಟ್ಟು ನಮಗ ನಲವತ್ತೈದು ಸಾವಿರಕ್ಕ ಮಾರತಾರ. ಅವಾಗ ಯಾವ ಠಾಣ್ಯಾಗ ಎಫ್‌ಐಆರ್ ಆತು? ಯಾವ ಮುತ್ತಜ್ಜಿಗೆ ಒಂದ ಕೀಲಿ ಕೊಟ್ರು? ಕೇಳ್ರಿ ಇವನ್ನ!”

ವಿಜಯ ಮುಂದೆ ಬಂದ. “ಹಂಗಂತ ಬರದವರ ಕೂಲಿ ಮುಳಗಸ್ತಿ ಏನಲೇ? ಅವರೂ ದುಡಿಯೋರ.”

“ಅವರ ಕೂಲಿ ಬ್ಯಾಡ ಅಂದಾವರ ಯಾರು? ದುಡಿಯೋರಿಗೆ ಎಷ್ಟು ಹೊಕ್ಕೈತಿ, ನಿನ್ನ ಕಂಪನಿ ಮಾಲಕಗ ಎಷ್ಟು ಹೊಕ್ಕೈತಿ, ಹೇಳು ನೋಡೂಣು. ಎರಡು ಮಗ್ಗದ ಮನಿ ಕಟ್ಟೂವಂಥ ರೇಟ್ ಹೇಳು, ನಾನ ಮನಿಮನಿಗೆ ಹೋಗಿ ವಸೂಲಿ ಮಾಡಿ ತಂದುಕೊಡತೇನಿ. ಹೋದ ವರ್ಷ ಇದ ಮಾತ ಬರದು ಕಂಪನಿಗೆ ಮೂರು ಪತ್ರಾ ಹಾಕೇನಿ. ‘ದರಗಳು ಅಂತಿಮ’ ಅಂತ ಒಂದ ಸಾಲಿನ ಉತ್ತರ ಬಂತು. ಅಂತಿಮ ಅಂತ! ಹಂಗಾರ ನಂದೂ ಅಂತಿಮ.”

ಆಗ ಮಾದೇವಿ ಕೇಳಿದಳು, ಅದು ತನಿಖೆಯ ಪ್ರಶ್ನೆಯಾಗಿರಲಿಲ್ಲ. “ಪಾಡ್ಯದ್ದ ಯಾಕ ಇಟ್ಟಿ ತಮ್ಮಾ? ಅದ ನಿನ್ನ ಹಿಡಸಿ ಕೊಟ್ಟಿತು.”

“ಅಮಾಸಿಗೆ ದುಡದು ದಣದು, ಪಾಡ್ಯಕ್ಕ ನಮ್ಮವ್ವ ಮಕ್ಕೊಂಡ್ರ ಮಗ್ಗದ ಸಪ್ಪಳಕ್ಕ ನಿದ್ದಿ ಹತ್ತತಿರಲಿಲ್ಲ ಅಕ್ಕಾರ. ಹುಟ್ಟಿದಾಗಿಂದ ನೋಡೇನಿ. ತಿಂಗಳಿಗೆ ಒಂದ ದಿನಾ ಊರು ಬಾಯಿ ಮುಚ್ಚಲಿ ಅನಸ್ತು.”

ಚಿದಾನಂದ ಕಟ್ಟೆಯ ಮೇಲೆ ಕೂತರು. ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಗುನ್ನೆ. ನೋಟಿಸು ಕೊಟ್ಟು ಬಿಡಬಹುದು, ಆದರೆ ಆರೋಪಿ ತನಿಖೆಗೆ ಸಹಕರಿಸಬೇಕು. ಸಹಕಾರ ಎಂದರೆ ಇಲ್ಲಿ ಒಂದೇ ಅರ್ಥ.

ವಿಜಯ ದನಿ ಇಳಿಸಿದ. “ಯಲ್ಲಾಲಿಂಗ, ಕಂಪನಿಯವರ ಜೋಡಿ ಈಗ ಫೋನಿನಾಗ ಮಾತಾಡೇನಿ. ಹೆಸರಷ್ಟ ಹೇಳು. ಕೋರ್ಟಿನಾಗ ನಿನ್ನ ಪರ ನಿಂದರತಾರ. ಬೇಕಾದ್ರ ನೌಕರಿನೂ ಕೊಡತಾರ. ಇಂಥಾ ತಲಿ ಅವರಿಗೆ ಬೇಕಾಗೈತಿ.”

“ಅವರು ನೂರಾರು ಮನ್ಯಾಗ ಡಬ್ಬಿ ಕಿತ್ತಕೊಂಡು ಹೋಗೂದು, ನಾ ಅವರ ಕಡೆ ಪಗಾರ ತಗೊಳ್ಳೂದು?” ಯಲ್ಲಾಲಿಂಗ ನಕ್ಕ. “ನನ್ನ ಹೆಸರ ಬರಕೊಳ್ರಿ ಸಾಹೇಬ್ರ. ಶುದ್ಧ ಅಕ್ಷರದಾಗ ಬರೀರಿ. ಬ್ಯಾರೆ ಹೆಸರ ನನ್ನ ಬಾಯಾಗಿಲ್ಲ.”

“ವಿಚಾರ ಮಾಡು. ಜೇಲಿಗೆ ಹೋಗತಿ.”

“ಅಲ್ಲಿ ಡೋಂಗಲ್ ಹಾಕಿದ್ರ ಬಾಗಲಾ ತೆರಿತಾರೇನ್ರಿ?”

ಸಂಜೆ 4 ಗಂಟೆ 40 ನಿಮಿಷಕ್ಕೆ ಬಂಧನ. ಬಂಧನಕ್ಕೆ ಕಾರಣ ಎಂಬ ಅಂಕಣದಲ್ಲಿ ಚಿದಾನಂದ ಬರೆದರು: ಆರೋಪಿ ತನ್ನ ಕೃತ್ಯ ಒಪ್ಪಿರುತ್ತಾನೆ, ಇತರರ ಹೆಸರು ಹೇಳಲು ನಿರಾಕರಿಸಿರುತ್ತಾನೆ. ಮನೆಯವರಿಗೆ ತಿಳಿಸಿದ ಬಗ್ಗೆ ಶಿವವ್ವನ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕಿತ್ತು. ಮಾದೇವಿ ಮೂರು ಸಲ ಒತ್ತಿಸಿದಳು. ಮೂರು ಸಲವೂ ಕಾಗದದ ಮೇಲೆ ಬರೀ ನೀಲಿ ಕಲೆ ಬಿತ್ತು. ಗೆರೆಗಳಿರಲಿಲ್ಲ. ನಲವತ್ತು ವರ್ಷದ ಬೂದಿ ಮತ್ತು ಎಳೆ ಆ ಬೆರಳನ್ನು ಸವೆಸಿ ನುಣ್ಣಗೆ ಮಾಡಿದ್ದವು.

“ನನ್ನ ಗುರುತು ಸಿಗೂದಿಲ್ಲಬೇ,” ಅಂದಳು ಶಿವವ್ವ. ಆಮೇಲೆ ಮಗನಿಗೆ, “ಹೆಸರು ಗಿಸರು ಹೇಳಿ ಬಂದಿ ನೋಡು, ಈ ಬಾಗಲಾ ನಿನಗೂ ಬಂದ್.”

ಓಣಿಯಲ್ಲಿ ಯಾರೂ ಘೋಷಣೆ ಕೂಗಲಿಲ್ಲ. ಜೀಪು ಹೊರಟಾಗ ಕಟ್ಟೆ ಕಟ್ಟೆಯ ಮೇಲಿನ ಜನ ಎದ್ದು ನಿಂತರು, ಅಷ್ಟೆ.

ಶುಕ್ರವಾರ ಬೆಳಿಗ್ಗೆ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ನ್ಯಾಯಾಂಗ ಬಂಧನವಾಯಿತು. ಜಪ್ತಿಯಾದ ಲ್ಯಾಪ್‌ಟಾಪನ್ನು ಪಂಚರ ಎದುರಿಗೆ ತೆರೆದು ನೋಡಿದಾಗ ಅದರಲ್ಲಿ ಯಾವ ಪಟ್ಟಿಯೂ ಇರಲಿಲ್ಲ. ಬೀಗ ಮುರಿದ ಕಾಪಿಯಲ್ಲಿ ಮೊಟ್ಟಮೊದಲು ತೆರೆದ ಕಡತದ ಹೆಸರು ಮಾತ್ರ ಇತ್ತು. ತೆರೆದ ದಿನ: 2023ರ ನವೆಂಬರ್ 9. ಕಡತದ ಹೆಸರು: ಕಾವ್ಯ-31.

“ಯಾರು ಕಾವ್ಯ?” ಚಿದಾನಂದ ವಿಜಯನನ್ನು ಕೇಳಿದರು.

ವಿಜಯ ಪರದೆಯಿಂದ ಕಣ್ಣು ತೆಗೆದ. “ಅವನ ತಂಗಿರಿ. ಅಣ್ಣ ತಂಗಿ ಕೂಡಿ ನನ್ನ ಕಡೆನ ಒಂದ ಕೀಲಿ ತಗೊಂಡಿದ್ರು, ಕಂತಿನಾಗ. ಮನಿಮನಿಗೆ ಡಿಸೈನ್ ಬರದು ಕೊಡತಿದ್ಲು. ರಿನ್ಯೂವಲ್ ತುಂಬಾಕ ಆಗಲಿಲ್ಲ. ಎರಡು ವರ್ಷದ ಕೆಲಸ ಎಲ್ಲಾ ಒಳಗ ಉಳೀತು. ಅಂಗಡಿಗೆ ಬಂದು ಅತ್ತು ಹೋದ್ಲು. ನನ್ನ ಕೈಯಾಗ ಏನ ಇತ್ರಿ?”

ಕಾವ್ಯ ಈಗ ಬಾಡಗಂಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕದ ಚೀಟಿ ಟೈಪು ಮಾಡುತ್ತಾಳೆ. ಮಧ್ಯಾಹ್ನ ಬೀಳಗಿ ಬಸ್ಸು ಹಿಡಿದು ಬಂದಳು. 3 ಗಂಟೆ 15ಕ್ಕೆ ಅವಳ ಹೇಳಿಕೆ ಶುರುವಾಯಿತು. ತನ್ನ ಮೂವತ್ತೊಂದನೆಯ ಡಿಸೈನು, ನವಿಲಿನ ಸೆರಗು, ಬೀಗ ಬಿದ್ದ ಐದು ತಿಂಗಳಿಗೆ ಕಂಪನಿಯ ಲೈಬ್ರರಿಯಲ್ಲಿ 417ನೇ ನಂಬರಾಗಿ ಮಾರಾಟಕ್ಕೆ ಬಂತು ಎಂದಳು.

“ನಿಮ್ಮ ಕಡತ ಅವರ ಕಡೆ ಹೆಂಗ ಹೋತು?”

ಎಂಜಿನಿಯರ್ ಗಂಟಲು ಸರಿಮಾಡಿಕೊಂಡ. “ಎಲ್ಲಾ ಡಿಸೈನ್ ಕಂಪನಿಯಲ್ಲಿ ಬ್ಯಾಕಪ್ ಆಗ್ತವೆ ಸರ್. ಒಪ್ಪಂದದ ಹತ್ತೊಂಬತ್ತನೇ ಪುಟದಲ್ಲಿದೆ.”

“ಕನ್ನಡದಾಗೈತೇನು?”

“ಇಲ್ಲ ಸರ್.”

ಚಿದಾನಂದ ಕಾವ್ಯಳ ಕಡೆ ತಿರುಗಿದರು. “ಇಂಥಾ ನವಿಲು ಯಾರ ಬೇಕಾದ್ರೂ ಬರೀಬಹುದು ಅಂತ ವಕೀಲರು ಅಂತಾರ. ನಿಮ್ಮದ ಅನ್ನಾಕ ಏನ ಗುರುತು?”

“ಸೆರಗಿನ ಮೂಲಿಯೊಳಗಿನ ನವಿಲಿನ ಬಲಗಾಲು ನೋಡ್ರಿ,” ಎಂದಳು ಕಾವ್ಯ. “ಅದಕ್ಕ ಎರಡ ಬೆರಳು. ಮೂರನೇದು ಮರುದಿನ ಮುಂಜಾನೆ ಬರಿಯೂದಿತ್ತು. ಮುಂಜಾನೆ ಬೀಗ ಬಿದ್ದಿತ್ತು.”

ಚಿದಾನಂದ ಕಂಪನಿಯ 417ನ್ನು ಪರದೆಯ ತುಂಬ ದೊಡ್ಡದು ಮಾಡಿಸಿದರು. ಬಾಗಿ, ಬಲಗಾಲಿನ ಮೇಲೆ ಪೆನ್ನಿನ ತುದಿಯಿಟ್ಟು ಎಣಿಸಿದರು. ಆಮೇಲೆ ಕುರ್ಚಿ ಸರಿಸಿ ವಿಜಯನಿಗೆ ಜಾಗ ಬಿಟ್ಟರು.

“ನೀವೂ ಎಣಿಸ್ರಿ. ಬಾಯಿಬಿಟ್ಟು ಹೇಳ್ರಿ. ಬರ್ಕೋಬೇಕು.”